ಲುಂಡ್‌ಗೆ ಬರುತ್ತಿರುವ ಶಿರಸಿಯವರಿಗೆ: ಸೊಪ್ಪು, ಹಣ್ಣು, ಅಣಬೆ ಮತ್ತು ಒಂದು ಕಿವಿಮಾತು

ಆಗಸ್ಟ್ ಕೊನೆಗೆ ಯಜಮಾನರ ಕೆಲಸಕ್ಕೆ ಅಂತ ಸ್ವೀಡನ್ನಿನ ಲುಂಡ್‌ಗೆ ಬರುತ್ತಿದ್ದೇವೆ, ಸಸ್ಯಾಹಾರಿಗಳು, ಅಲ್ಲಿ ಸೊಪ್ಪು ಸದೆ ಸಿಗುತ್ತದಾ ಇಲ್ಲಾ ಬರೀ ಬ್ರೆಡ್ಡು ತಿಂದುಕೊಂಡು ಇರಬೇಕಾ, ಊರಿಂದ ಏನೇನು ತರಬೇಕು, ಕಾಡಿಗೆ ಹೋಗಿ ಹಣ್ಣು, ಅಣಬೆ ಕೀಳಬಹುದು ಅಂತಾರಲ್ಲ ಅದು ನಿಜವಾ ಅಂತ ಕೇಳಿದ್ದೀರಿ. ನಾನು ಸಾಗರದ ಕಡೆಯವಳು, ತೋಟದ ಮನೆಯವಳು. ಶಿರಸಿ ಅಂತ ನೋಡಿದ ಕೂಡಲೇ ಉತ್ತರ ಬರೆಯೋಣ ಅನ್ನಿಸಿತು.

ಮೊದಲು ಸಣ್ಣಪುಟ್ಟದ್ದು ಮುಗಿಸುತ್ತೇನೆ. ಮಿಕ್ಸಿ ತನ್ನಿ, ಕರೆಂಟು ಇಲ್ಲೂ 230 ವೋಲ್ಟ್, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಕುಕ್ಕರ್ ಸ್ಟೀಲಿನದ್ದೇ ಇರಲಿ, ಇಂಡಕ್ಷನ್ ಒಲೆ ಜಾಸ್ತಿ ಇಲ್ಲಿ. ಅಕ್ಕಿ, ಬೇಳೆ, ಮಸಾಲೆ ಎಲ್ಲ ಸಿಗುತ್ತದೆ, ಸುಮ್ನೆ ಭಾರ ಹೊರಬೇಡಿ. ತುಪ್ಪ, ಪೇಡೆ ತರುವ ಹಾಗಿಲ್ಲ, ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್ನಿಗೆ ಹೊರಗಿನಿಂದ ತರಲು ಬಿಡುವುದಿಲ್ಲ. ಇಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಸಿದರೆ ಒಳ್ಳೆಯ ತುಪ್ಪವೇ ಆಗುತ್ತದೆ. ಹಸಿ ಕರಿಬೇವೂ ಬೇಡ. 2019ರ ಡಿಸೆಂಬರ್ 14ರಿಂದ ಹಸಿ ಸೊಪ್ಪು, ತರಕಾರಿ, ಹಣ್ಣು ಯಾವುದಕ್ಕೂ ಭಾರತ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ದುರಿಯನ್, ಈ ಐದಕ್ಕೆ ಮಾತ್ರ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎರಡೆರಡು ಕವರಿನಲ್ಲಿ ಭದ್ರವಾಗಿ ಕಟ್ಟಿ ತನ್ನಿ, ಅದೊಂದು ಮಾತ್ರ ಇಲ್ಲಿ ಎಲ್ಲೂ ಸಿಗುವುದಿಲ್ಲ.

ಇನ್ನು ಊಟದ ವಿಷಯ. ನಾನು ಬಂದಿಳಿದದ್ದು ನವೆಂಬರಿನಲ್ಲಿ. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು, ಅಂಗಡಿಯಲ್ಲಿ ಆಲೂಗಡ್ಡೆ, ಕ್ಯಾರೆಟ್, ಹೆಸರೇ ಗೊತ್ತಿಲ್ಲದ ಗಡ್ಡೆಗಳು. ಈ ಊರಲ್ಲಿ ಹಸಿರು ಅನ್ನುವುದೇ ಇಲ್ಲವೇನೋ ಅಂದುಕೊಂಡಿದ್ದೆ. ನೀವು ಪುಣ್ಯವಂತರು, ಆಗಸ್ಟ್ ಕೊನೆ ಅಂದರೆ ಕಾಡು ತುಂಬಿರುವ ಹೊತ್ತು. ಇಲ್ಲಿ ಅಲ್ಲೆಮಾನ್ಸ್‌ರೆಟ್ಟೆನ್ ಅಂತ ಒಂದು ಹಕ್ಕಿದೆ. ಕಾಡು ಯಾರದ್ದೇ ಆಗಿರಲಿ, ಒಳಗೆ ನಡೆದಾಡಬಹುದು, ಹಣ್ಣು, ಅಣಬೆ ಆಯಬಹುದು. ಮನೆ ಅಂಗಳದ ಹತ್ತಿರ ಹೋಗಬಾರದು, ಬೆಳೆ ತುಳಿಯಬಾರದು, ಕೊಂಬೆ ಮುರಿಯಬಾರದು, ತೊಗಟೆ ಕೀಳಬಾರದು. ಮುರುಗಲು ಆಯಲು, ಕಳಲೆ ತರಲು ಹೋಗಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಮೀಸಲು ಕಾಡಿನಲ್ಲಿ ಮಾತ್ರ ಬೋರ್ಡು ಓದಿಯೇ ಕೈ ಹಾಕಿ. ಲುಂಡ್ ಪಕ್ಕದ ಡಾಲ್ಬಿ ಸೋಡರ್‌ಸ್ಕೂಗ್ 1918ರಿಂದಲೂ ರಾಷ್ಟ್ರೀಯ ಉದ್ಯಾನ. ವಸಂತದಲ್ಲಿ ಅಲ್ಲಿ ನೆಲ ಕಾಣದಷ್ಟು ಹೂವು. ನೋಡಿಕೊಂಡು ಬನ್ನಿ, ಕೀಳಬೇಡಿ.

ನನ್ನ ಅಡುಗೆಮನೆ ಈಗ ನಡೆಯುವುದು ಈ ಊರಿನ ಕಾಲ ನೋಡಿಕೊಂಡು. ಏಪ್ರಿಲಿನಲ್ಲಿ ನೆಸ್ಲೊರ್ ಚಿಗುರುತ್ತದೆ, ನಮ್ಮ ತುರಚೆಯ ಹಾಗೇ ಮುಟ್ಟಿದರೆ ಕೈ ಉರಿ. ಗ್ಲೌಸ್ ಹಾಕಿಕೊಂಡು ತುದಿಯ ನಾಲ್ಕಾರು ಎಲೆ ಚಿವುಟಿ, ಕುದಿಯುವ ನೀರಿಗೆ ಹಾಕಿ ತೆಗೆದರೆ ತುರಿಕೆ ಹೋಯಿತು. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು ಕಾಯಿ ಜೊತೆ ಬೀಸಿ ತಂಬುಳಿ ಮಾಡುತ್ತೇನೆ. ಮಜ್ಜಿಗೆಯ ಬದಲು ಇಲ್ಲಿನ ಹೆಪ್ಪು ಹಾಕಿದ ಹಾಲು ಫಿಲ್‌ಮ್ಯೋಲ್ಕ್ ಹಾಕಿ, ಹದವಾದ ಹುಳಿ ಇರುತ್ತದೆ. ಒಂದೆಲಗದ ತಂಬುಳಿಗೆ ಏನೂ ಕಡಿಮೆಯಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಅದೇ ಹೊತ್ತಿಗೆ ಬೀಚ್ ಮರದ ಕಾಡಿನಲ್ಲಿ ರಾಮ್ಸ್‌ಲೋಕ್, ಕಾಡು ಬೆಳ್ಳುಳ್ಳಿಯ ಎಲೆ, ಅದರ ಚಟ್ನಿ. ಇದರ ಎಲೆಯಂತೆಯೇ ಕಾಣುವ ಲಿಲಿ ಆಫ್ ದಿ ವ್ಯಾಲಿ ವಿಷ, ಹಾಗಾಗಿ ಒಂದೊಂದೇ ಎಲೆ ಕಿತ್ತು ನೋಡಿ. ಮೇ ತಿಂಗಳಲ್ಲಿ ರಬಾರ್ಬರ್ ದಂಟು ಬರುತ್ತದೆ, ಬಾಯಲ್ಲಿ ನೀರೂರುವ ಹುಳಿ. ಎಲೆ ವಿಷ, ದಂಟು ಮಾತ್ರ ತಗೊಳ್ಳಿ. ಬೆಲ್ಲ, ಎಳ್ಳು, ಒಣಮೆಣಸು ಹಾಕಿ ಅದರ ಗೊಜ್ಜು ಮಾಡಿದರೆ ನಮ್ಮನೆಯಲ್ಲಿ ಅನ್ನ ಸಾಲುವುದಿಲ್ಲ. ಜೂನಿನಲ್ಲಿ ಎಲ್ಡರ್ ಹೂವಿನ ಶರಬತ್ತು. ಜುಲೈಯಿಂದ ನೀಲಿ ಹಣ್ಣು ಬ್ಲೋಬೇರ್, ಆಮೇಲೆ ಕೆಂಪು ಲಿಂಗೋನ್. ಲಿಂಗೋನನ್ನು ಬೇಯಿಸಬೇಕು ಅಂತಲೂ ಇಲ್ಲ. ಹಣ್ಣಿನಲ್ಲೇ ಬೆಂಜೋಯಿಕ್ ಆಮ್ಲ ಇರುವುದರಿಂದ ಬರೀ ಸಕ್ಕರೆ ಕಲಸಿಟ್ಟರೂ ಕೆಡುವುದಿಲ್ಲ. ನಾನು ಒಂದು ಹಿಡಿ ಕಿವುಚಿ ನೀರು ಸೇರಿಸಿ, ಉಪ್ಪು ಹಾಕಿ, ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ ಕೊಡುತ್ತೇನೆ. ಮಾವಿನಕಾಯಿಯ ಅಪ್ಪೆಹುಳಿಯ ಪರಿಮಳ ಬಾರದು, ಅದು ಸಾಧ್ಯವೂ ಇಲ್ಲ. ಆದರೆ ಜ್ವರ ಬಿಟ್ಟ ಬಾಯಿಗೆ ಅದೇ ಕೆಲಸ ಮಾಡುತ್ತದೆ. ಸೆಪ್ಟೆಂಬರಿನಲ್ಲಿ ಮನೆಗಳ ಮುಂದೆ ಸೇಬು ತುಂಬಿದ ಡಬ್ಬ ಇಟ್ಟಿರುತ್ತಾರೆ, ಬೇಕಾದವರು ಒಯ್ಯಿರಿ ಅಂತ. ನಾಚಿಕೊಳ್ಳಬೇಡಿ, ತಂದು ಸಾಸಿವೆ, ಕಾಯಿ ಬೀಸಿ ಹಾಕಿ ಸೇಬಿನ ಸಾಸಿವೆ ಮಾಡಿ.

ಮಾಲ್ಮೋ ರೈಲಿನಲ್ಲಿ ಹತ್ತಿರವೇ. ಅಲ್ಲಿ ಮ್ಯೊಲ್ಲನ್ ಅನ್ನುವ ಕಡೆ ತರಕಾರಿ ಸಂತೆ, ಸುತ್ತ ಇರಾಕಿ, ಲೆಬನೀಸ್, ಇರಾನಿ, ವಿಯೆಟ್ನಾಮಿ ಅಂಗಡಿಗಳು. ಅರಬ್ಬರ ಅಂಗಡಿಯಲ್ಲಿ ಬೇಸಿಗೆಗೆ ನಮ್ಮ ಗೋಣಿ ಸೊಪ್ಪು ಕಟ್ಟು ಕಟ್ಟಾಗಿ ಇರುತ್ತದೆ, ಅವರು ಹಸಿಯಾಗಿ ಮೊಸರಿನಲ್ಲಿ ಕಲಸಿ ತಿನ್ನುತ್ತಾರೆ. ಇರಾನಿಯವರಲ್ಲಿ ಒಣಗಿಸಿದ ಮೆಂತ್ಯ ಸೊಪ್ಪು. ವಿಯೆಟ್ನಾಮಿಯವರ ಫ್ರೀಜರಿನಲ್ಲಿ ತುರಿದ ಕಾಯಿ, ಬಾಳೆಲೆ. ಪತ್ರೊಡೆಗೆ ಕೆಸುವಿನೆಲೆ ಸಿಗದಿದ್ದರೆ ಮಂಗೋಲ್ಡ್ ಅನ್ನುವ ಸೊಪ್ಪಿನ ಎಲೆ ದೊಡ್ಡದು ನೋಡಿ ತಗೊಳ್ಳಿ. ಅಂಗಡಿಯವರನ್ನು ಮಾತಾಡಿಸಿ. ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ ಅಂತ ಕೇಳಿದರೆ ಯಾವ ದೇಶದವರಾದರೂ ಕೆಲಸ ಬಿಟ್ಟು ನಿಂತು ಹೇಳುತ್ತಾರೆ. ನನಗೆ ಈ ಊರಿನ ಸ್ನೇಹಗಳು ಸಿಕ್ಕಿದ್ದೇ ಹಾಗೆ.

ಈಗ ಅಣಬೆ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರಲ್ಲಿ ಹುತ್ತದ ಮೇಲೆ ಏಳುವ ಹೆಗ್ಗಾಲಣಬೆಯನ್ನು ದೂರದಿಂದಲೇ ಗುರುತು ಹಿಡಿಯುವ ಕಣ್ಣು ನಿಮ್ಮದಿರಬಹುದು. ಆ ಕಣ್ಣನ್ನು ಇಲ್ಲಿ ನಂಬಬೇಡಿ. ಇಲ್ಲಿನ ಬಿಳಿ ಫ್ಲೂಗ್‌ಸ್ವಾಂಪ್ ಮತ್ತು ಅದರ ಹಸಿರು ಛಾಯೆಯ ತಂಗಿ, ಎರಡೂ ವಿಷದ ಅಣಬೆಗಳು, ನೋಡಲು ಚೆಂದ, ತಿಂದ ಕೂಡಲೇ ಏನೂ ಆಗುವುದಿಲ್ಲ. ಸುಮಾರು 8ರಿಂದ 24 ಗಂಟೆ ಬಿಟ್ಟು ವಾಂತಿ ಭೇದಿ ಶುರುವಾಗುತ್ತದೆ, ಅಷ್ಟೊತ್ತಿಗೆ ವಿಷ ಲಿವರಿಗೆ ಇಳಿದಿರುತ್ತದೆ. ಬೇಯಿಸಿದರೂ ಹೋಗದ ವಿಷ ಅದು. ಹೊರದೇಶದಿಂದ ಬಂದವರು ತಮ್ಮ ಊರಿನ ಅಣಬೆ ಅಂದುಕೊಂಡು ತಿಂದು ಆಸ್ಪತ್ರೆ ಸೇರುವುದು ಎಷ್ಟೋ ದೇಶಗಳಲ್ಲಿ ನಡೆದಿದೆ. ಬಿಳಿ ಅಣಬೆ ಯಾವುದನ್ನೂ ಕೀಳಬೇಡಿ. ಕಾಂಟರೆಲ್ ಒಂದನ್ನೇ ಕಲಿಯಿರಿ, ಅದೂ ಗೊತ್ತಿದ್ದವರ ಜೊತೆ ಹೋಗಿ. ಮೊಟ್ಟೆಯ ಹಳದಿಯ ಬಣ್ಣ, ಟೋಪಿಯ ಕೆಳಗೆ ಬಿಡಿ ಬಿಡಿ ಪದರ ಇರುವುದಿಲ್ಲ, ದಪ್ಪ ಗೆರೆಗಳು ಕವಲೊಡೆದು ಕಾಂಡದ ತನಕ ಇಳಿದಿರುತ್ತವೆ, ಸೀಳಿದರೆ ಒಳಗೆ ಬಿಳಿಚು, ಮೂಸಿದರೆ ಏಪ್ರಿಕಾಟ್ ವಾಸನೆ. ತೊಳೆಯದೆ ಬ್ರಷ್‌ನಲ್ಲಿ ಮಣ್ಣು ಜಾಡಿಸಿ, ಮೊದಲು ಎಣ್ಣೆಯಿಲ್ಲದೆ ಬಾಣಲೆಯಲ್ಲಿ ನೀರು ಆರಿಸಿ, ಆಮೇಲೆ ಬೆಣ್ಣೆ, ಜಜ್ಜಿದ ಕಾಳುಮೆಣಸು. ಇನ್ನೇನೂ ಹಾಕಬೇಡಿ.

ಕಾಡಿಂದ ಬಂದ ಮೇಲೆ ಕಾಲು, ತೊಡೆಸಂದು ನೋಡಿಕೊಳ್ಳಿ, ಉಣುಗು ಇರುತ್ತದೆ. ಮಂಗನ ಕಾಯಿಲೆ ಕಂಡ ಸೀಮೆಯವರು ನಾವು. ಇಲ್ಲಿ ಉಣುಗಿನಿಂದ ಹರಡುವ, ಮಿದುಳಿಗೆ ತಗಲುವ ಟಿಬಿಇ ವೈರಸ್ಸು ಅದರದ್ದೇ ಬಳಗ, ಇದಕ್ಕೆ ಲಸಿಕೆ ಇದೆ, ಹಾಕಿಸಿಕೊಳ್ಳಿ.

ಕಿವಿಮಾತು ಅಂದಿದ್ದು ಇದು. ಅಮ್ಮ ಇಲ್ಲಿಗೆ ಬಂದಿದ್ದು ಒಂದೇ ಸಲ, ಮಾರ್ಚಿನಲ್ಲಿ. ಅಡಿಕೆ ಕೊಯ್ಲು ಮುಗಿದಿರುತ್ತದೆ, ಮಳೆಗಾಲಕ್ಕೆ ಮುಂಚೆ ವಾಪಸ್ ಹೋಗಬೇಕು, ಇಲ್ಲದಿದ್ದರೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವವರು ಯಾರು? ತೋಟದವರ ಲೆಕ್ಕ ನಿಮಗೆ ಗೊತ್ತೇ ಇದೆ. ಮರಗಳೆಲ್ಲ ಬೋಳು, ನೆಲ ಕಂದು, ಗಾಳಿ. ದಿನಾ ಕಿಟಕಿ ಹತ್ತಿರ ಕೂತು, "ಈ ಊರಲ್ಲಿ ಎಂತ ತಿಂತೀರೇ ನೀವು" ಅಂತ ಕೇಳುತ್ತಿದ್ದರು. ಹೊರಡುವ ಹೊತ್ತಿಗೆ ಸೈಕಲ್ ಶೆಡ್ಡಿನ ಗೋಡೆಯ ಬುಡದಲ್ಲಿ ಬೆರಳುದ್ದದ ನೆಸ್ಲೊರ್ ಚಿಗುರು ಕಂಡರು, ನಾನು ಹೇಳುವುದಕ್ಕೆ ಮುಂಚೆಯೇ ಶಾಲಿನ ತುದಿಯಲ್ಲಿ ಹಿಡಿದು ಚಿವುಟಿದರು. ಅದೊಂದೇ ಅವರು ಈ ನೆಲದಿಂದ ಕಿತ್ತಿದ್ದು. ಮುಂದಿನ ವರ್ಷ ಆಗಸ್ಟಿನಲ್ಲಿ ಬಾ ಅಂದೆ, ಅದರ ಮುಂದಿನ ವರ್ಷವೂ ಅಂದೆ. ಪ್ರತಿ ಸಲ ತೋಟ ಅಡ್ಡ ಬಂತು. ಈಗ ಮಂಡಿ ನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರರು. ಕಾಡಿಂದಲೇ ವಿಡಿಯೋ ಕಾಲ್ ಮಾಡುತ್ತೇನೆ, "ಎಲೆ ಹಿಂದೆ ಹೇಗಿದೆ, ತಿರುಗಿಸಿ ತೋರಿಸು" ಅನ್ನುತ್ತಾರೆ. ಬುಟ್ಟಿ ಹಿಡಿದು ನನ್ನ ಮುಂದೆ ಮುಂದೆ ನಡೆಯಬೇಕಾಗಿದ್ದವರು ಅವರು. ನನಗಿಂತ ಚುರುಕಾಗಿ ಆಯುತ್ತಿದ್ದರು. ಎಷ್ಟು ತುಂಬಿದ ಬುಟ್ಟಿ ತಂದರೂ ಆ ಬೇಜಾರು ಹೋಗಿಲ್ಲ.

ಹಾಗಾಗಿ ನಿಮ್ಮ ಮನೆಯ ಹಿರಿಯರನ್ನು ಕರೆಸುವುದಿದ್ದರೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಒಳಗೆ ಕರೆಸಿ. ಟಿಕೆಟ್ ದುಬಾರಿ ಇರುತ್ತದೆ, ಇರಲಿ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, 90 ದಿನದ ತನಕ ಇರಬಹುದು. ತೋಟ ಇದ್ದರೆ ಮೊದಲ ಸಲದ ಔಷಧಿ ಹೊಡೆಸಿ ಹೊರಡಲಿ, ಎರಡನೆಯದಕ್ಕೆ ಅಡಿಕೆ ಮರ ಹತ್ತುವ ಕೊನೆಗೌಡರನ್ನು ಈಗಲೇ ಗೊತ್ತು ಮಾಡಿಟ್ಟು, ನಿಂತು ಮಾಡಿಸಲು ಪಕ್ಕದ ಮನೆಯವರಿಗೆ ಹೇಳಿಡಿ.