ಮಂಗಳೂರಿನ ಬಸ್ಸು, ಕಣ್ಣೂರಿನ ಬಸ್ಸು

ಹೋದ ವರ್ಷ ನಮ್ಮ ಕುಟುಂಬದ ದೈವದ ಉತ್ಸವ, ಅಂದರೆ ನೇಮಕ್ಕೆ ಬಂದಿದ್ದಾಗ ನೀವು ನಮ್ಮ ಚಾವಡಿಯಲ್ಲಿ ಕೂತು ಕೇಳಿದ್ದು ನೆನಪುಂಟು. "ಅಪ್ಪ ಕಮ್ಯುನಿಸ್ಟು, ಮಗ ಬಿಜೆಪಿ, ಮಗಳು ಯಾವ ಕಡೆ ಅಂತಲೇ ಗೊತ್ತಾಗೋದಿಲ್ಲ. ನಮ್ಮ ಮೈಸೂರಿನ ಕಡೆ ಸಾಮಾನ್ಯವಾಗಿ ಮನೆಗೊಂದು ಪಕ್ಷ. ನಿಮ್ಮಲ್ಲಿ ಹೇಗೆ ಹೀಗೆ?" ಎಂದಿರಿ. ಆ ರಾತ್ರಿ ಊಟಕ್ಕೆ ಬಡಿಸುವ ಗಡಿಬಿಡಿಯಲ್ಲಿ ನನಗೆ ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಅಜ್ಜನಿಂದಲೇ ಶುರು ಮಾಡಬೇಕು.

ನಮ್ಮದು ಕಾಸರಗೋಡಿನ ಪೈವಳಿಕೆ ಕಡೆಯ ಒಂದು ಬೈಲು. 1956ರ ಅಕ್ಟೋಬರ್ ಮುಗಿಯುವವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಮದ್ರಾಸ್ ರಾಜ್ಯದವರು. ನವೆಂಬರ್ 1ಕ್ಕೆ ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ತಾಲೂಕು ಮಾತ್ರ ಕೇರಳಕ್ಕೆ ಬಂತು. ಮನೆ, ಗದ್ದೆ, ಬಾವಿ ಎಲ್ಲ ಇದ್ದಲ್ಲೇ ಇತ್ತು. ಅಜ್ಜನಿಗೆ ಮಾತ್ರ ಅದು ಸಾಯುವವರೆಗೂ ನುಂಗಲಾಗದ ತುತ್ತಾಗಿತ್ತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಭಾಷಣ ಉಂಟೆಂದರೆ ಬದಿಯಡ್ಕಕ್ಕೆ ನಡೆದುಕೊಂಡೇ ಹೋಗುತ್ತಿದ್ದರಂತೆ. ಕಾಸರಗೋಡು ಕರ್ನಾಟಕದೊಂದಿಗೆ ವಿಲೀನ ಆಗಿಯೇ ಆಗುತ್ತದೆ ಎಂದು ನಂಬಿದ್ದರು. 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ವರದಿ ಕೊಟ್ಟಾಗ ಮನೆಯಲ್ಲಿ ಪಾಯಸ ಮಾಡಿಸಿದ್ದರು ಎಂದು ಅಜ್ಜಿ ಹೇಳುತ್ತಿದ್ದರು. ಆ ವರದಿ ಇವತ್ತಿಗೂ ಜಾರಿಯಾಗಿಲ್ಲ. ಕಯ್ಯಾರರು ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು, ಅವರಿಗೂ ಅದನ್ನು ನೋಡಲಿಕ್ಕೆ ಸಿಗಲಿಲ್ಲ.

ಅಜ್ಜನ ಓಟು ಯಾರಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ವಿಲೀನಕ್ಕಾಗಿ ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿಯವರಿಗೆ. ನಮ್ಮ ಮಂಜೇಶ್ವರ ಕ್ಷೇತ್ರ 1960ರಿಂದ 67ರವರೆಗೆ ಪ್ರತಿ ಸಲವೂ ಅವರನ್ನೇ ಗೆಲ್ಲಿಸಿತು.

ಆದರೆ ಅಜ್ಜ ಚಾಲಗೇಣಿ ಒಕ್ಕಲು. ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಮೂಲಗೇಣಿಯೆಂದರೆ ತಲೆಮಾರಿನಿಂದ ತಲೆಮಾರಿಗೆ ಬರುವ ಗೇಣಿ, ಒಕ್ಕಲನ್ನು ಸುಲಭವಾಗಿ ಎಬ್ಬಿಸಲಾಗದು. ಚಾಲಗೇಣಿಗೆ ಆ ಭದ್ರತೆ ಇರಲಿಲ್ಲ, ಧನಿಗಳು ಮನಸ್ಸು ಮಾಡಿದರೆ ಗದ್ದೆ ಹೋಯಿತು. ಕೊಯ್ಲಾದ ಮೇಲೆ ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಗೇಣಿ ಅಕ್ಕಿಯನ್ನು ಧನಿಗಳ ಮನೆಗೆ ತಲೆಹೊರೆಯಲ್ಲಿ ಮುಟ್ಟಿಸಬೇಕು. ಮಳೆ ಕೈಕೊಟ್ಟ ವರ್ಷವೂ ಮುಡಿ ಕಡಿಮೆಯಾಗುವುದಿಲ್ಲ, ಮನೆಯವರು ಗೆಣಸು ತಿಂದು ದಿನ ದೂಡಬೇಕು.

1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ರದ್ದಾಯಿತು. ಯಾವ ರಾಜ್ಯ ಬೇಡವೆಂದು ಅಜ್ಜ ಮೆರವಣಿಗೆ ಹೋಗಿದ್ದರೋ ಆ ರಾಜ್ಯದ ಕಾನೂನೇ ಅವರ ಕಾಲ ಕೆಳಗಿನ ನೆಲವನ್ನು ಅವರದ್ದು ಮಾಡಿತು. ಅವರು ಸೇರಬೇಕೆಂದಿದ್ದ ಕರ್ನಾಟಕದಲ್ಲಿ ಒಕ್ಕಲುಗಳು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹಕ್ಕುಪತ್ರ ಕೈಗೆ ಬಂದಾಗ ಅದು ಮಲಯಾಳದಲ್ಲಿತ್ತು. ಅಜ್ಜನಿಗೆ ಅದರಲ್ಲಿ ಒಂದಕ್ಷರ ಓದಲಿಕ್ಕೆ ಬರುತ್ತಿರಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ, ದೈವದ ಮಣೆಮಂಚದ ಕೆಳಗೆ ಇಟ್ಟಿದ್ದರು.

ಅದೇ 1970ರ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಗೆದ್ದದ್ದು ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ. ಆ ಸಲ ಯಾರಿಗೆ ಓಟು ಹಾಕಿದೆ ಎಂದು ಅಜ್ಜ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಕನ್ನಡಕ್ಕೆ ದ್ರೋಹ ಮಾಡಿದೆ ಎಂಬ ಸಂಕಟ ಅವರಿಗಿತ್ತೋ ಏನೋ. ನನಗಂತೂ ಅವರು ತಪ್ಪು ಮಾಡಿದರು ಎಂದು ಒಂದು ದಿನವೂ ಅನಿಸಿಲ್ಲ.

ಅಪ್ಪನ ಕಥೆ ಬೇರೆ. ಅವರು ಬೆಳೆದದ್ದೇ ಆ ಹಕ್ಕುಪತ್ರ ಬಂದ ಮನೆಯಲ್ಲಿ. ಕನ್ನಡ ಶಾಲೆಯಲ್ಲಿ ಓದಿದವರು, ಇಪ್ಪತ್ತು ದಾಟಿದ ಮೇಲೆ ಹಟ ಹಿಡಿದು ಮಲಯಾಳ ಕಲಿತರು. ಯಾಕೆಂದರೆ ಅವರಿಗೆ ಪಕ್ಷದ ದೇಶಾಭಿಮಾನಿ ಪತ್ರಿಕೆ ಓದಬೇಕಿತ್ತು. ಅಜ್ಜನಿಗೆ ಮಂಗಳೂರಿನ ಕನ್ನಡ ಪತ್ರಿಕೆ, ಅಪ್ಪನಿಗೆ ಮಲಯಾಳ ಪತ್ರಿಕೆ. ನೀವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಉಂಟು ಎಂದು ನನಗೆ ಕಾಣುತ್ತದೆ. ಮಂಗಳೂರಿನ ಪತ್ರಿಕೆ ಓದುವವರು ಕರಾವಳಿಯ ಸುದ್ದಿಗೆ ಬೇಸರಿಸಿ ಸಿಟ್ಟಾಗುತ್ತಾರೆ, ಮಲಯಾಳ ಓದುವವರು ಕಣ್ಣೂರಿನ ಸುದ್ದಿಗೆ. ಒಂದೇ ಮನೆಯ ಜಗಲಿಯಲ್ಲಿ ಕೂತವರು ಎರಡು ಬೇರೆ ಊರುಗಳ ಚಿಂತೆ ಮಾಡುತ್ತಿರುತ್ತಾರೆ.

ಅಪ್ಪ ದೇವಸ್ಥಾನ ಬಿಟ್ಟರು. ದೈವಕ್ಕೆ ಕೈಮುಗಿಯುವುದನ್ನೂ ಬಿಟ್ಟರು. ಕಾರಣ ಕೇಳಿದರೆ ದೊಡ್ಡ ಸಿದ್ಧಾಂತ ಹೇಳುತ್ತಿರಲಿಲ್ಲ. "ದೈವ ಕಟ್ಟಿದವನ ಕಾಲಿಗೆ ಬೀಳ್ತೀರಿ, ವೇಷದ ಅಣಿ ಬಿಚ್ಚಿದ ಮೇಲೆ ಅದೇ ಮನುಷ್ಯನಿಗೆ ಅಂಗಳದ ಆಚೆ ಎಲೆ ಹಾಕ್ತೀರಿ. ಇದು ನನ್ನಿಂದ ಆಗುವುದಿಲ್ಲ" ಎನ್ನುತ್ತಿದ್ದರು. ನಾನು ಸಣ್ಣವಳಿದ್ದಾಗ ಆ ಎಲೆಯನ್ನು ಕಣ್ಣಾರೆ ನೋಡಿದ್ದೇನೆ. ಅಪ್ಪ ತಮ್ಮ ಎಲೆ ಎತ್ತಿಕೊಂಡು ಹೋಗಿ ದೈವ ಕಟ್ಟಿದ ಆ ನಲಿಕೆ ಜಾತಿಯವರ ಪಕ್ಕದಲ್ಲಿ ಕೂತು ಉಂಡದ್ದನ್ನೂ ನೋಡಿದ್ದೇನೆ. ಆ ವರ್ಷ ದೊಡ್ಡಪ್ಪ ಅವರ ಹತ್ತಿರ ಮಾತು ಬಿಟ್ಟರು.

ಹಾಗೆಂದು ಅಪ್ಪ ನೇಮಕ್ಕೆ ಬಾರದೆ ಇರುತ್ತಿರಲಿಲ್ಲ. ಕುಟುಂಬದ ಮನೆಯ ನೇಮ, ಬಾರದಿದ್ದರೆ ಹೇಗೆ? ಒಂದು ಮೂಲೆಯಲ್ಲಿ ನಿಂತು ಖರ್ಚಿನ ಲೆಕ್ಕ ಬರೆಯುತ್ತಿದ್ದರು. ದೈವ ಹೆಸರು ಹಿಡಿದು ಕರೆದರೆ ಮುಂದೆ ಬಂದು ಗಂಧ ಬೂಳ್ಯದ ಪ್ರಸಾದ ತೆಗೆದುಕೊಳ್ಳುತ್ತಿದ್ದರು. ನಂಬಿಕೆ ಇಲ್ಲದೆ ಯಾಕೆ ತೆಗೆದುಕೊಂಡಿರಿ ಎಂದು ಒಮ್ಮೆ ಕೇಳಿದೆ. "ಅಜ್ಜನನ್ನು ಕರೆದ ಬಾಯಲ್ಲವಾ ಅದು" ಎಂದರು.

ತಮ್ಮ ಡಿಗ್ರಿಗೆ ಮಂಗಳೂರಿನ ಬಸ್ಸು ಹತ್ತಿದ. ನಮ್ಮಲ್ಲಿ ಪ್ಲಸ್ ಟು ಮುಗಿದವರು ಒಂದೋ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ, ಇಲ್ಲವೇ ತೆಂಕು ದಿಕ್ಕಿಗೆ ಕಾಸರಗೋಡು, ಕಣ್ಣೂರು ಎಂದು ಹೋಗುತ್ತಾರೆ. ಹದಿನೆಂಟನೇ ವರ್ಷದಲ್ಲಿ ಯಾವ ಬಸ್ಸು ಹತ್ತಿದರು ಎಂಬುದು ಮುಂದೆ ತುಂಬ ಸಂಗತಿಗಳನ್ನು ತೀರ್ಮಾನಿಸುತ್ತದೆ. ಅದು ತೊಂಬತ್ತರ ದಶಕದ ಮೊದಲ ವರ್ಷಗಳು, ಅಯೋಧ್ಯೆಯ ಕಾಲ. ಹಾಸ್ಟೆಲಿನ ಗೆಳೆಯರು, ಸಂಜೆಯ ಆರೆಸ್ಸೆಸ್ ಶಾಖೆ. ಮೂರು ವರ್ಷದಲ್ಲಿ ತಮ್ಮ ಬೇರೆಯೇ ಮನುಷ್ಯನಾಗಿ ಬಂದ. ಅಪ್ಪನಿಗೂ ಅವನಿಗೂ ಎಷ್ಟೋ ವರ್ಷ ಮಾತೆಂದರೆ ಅಡಿಕೆ ಮರಕ್ಕೆ ಮದ್ದು ಬಿಡುವ ವಿಷಯ ಮಾತ್ರ. ನಡುವೆ ಅಮ್ಮ ಬೀಡಿ ಕಟ್ಟುತ್ತಾ ಇಬ್ಬರ ಮಾತನ್ನೂ ಆಚೆ ಈಚೆ ದಾಟಿಸುತ್ತಿದ್ದರು.

ನನಗೆ ಅಚ್ಚರಿಯಾದದ್ದು ಆಮೇಲೆ. ಹತ್ತು ವರ್ಷದ ಹಿಂದೆ ತಮ್ಮ ಮುಂದೆ ನಿಂತು ದೈವಸ್ಥಾನದ ಜೀರ್ಣೋದ್ಧಾರ ಮಾಡಿಸಿದ. ತಂತ್ರಿಗಳು ಬಂದರು, ಹೋಮ ಆಯಿತು, ಬ್ರಹ್ಮಕಲಶ ಆಯಿತು, ಕೋಳಿ ಕೊಡುವುದು ನಿಂತಿತು. ಆಗ ಎದ್ದು ನಿಂತು ಜಗಳ ಮಾಡಿದ್ದು ದೈವ ನಂಬದ ಅಪ್ಪ! "ನಮ್ಮ ದೈವ ತುಳುವಿನಲ್ಲಿ ಮಾತಾಡ್ತದೆ. ಅದಕ್ಕೆ ಮಂತ್ರ ಯಾಕೆ? ಅಜ್ಜ ಕೊಡ್ತಾ ಇದ್ದದ್ದನ್ನು ನೀವು ಯಾಕೆ ನಿಲ್ಲಿಸಿದಿರಿ?" ಬಿಟ್ಟುಹೋದ ಮಗ ಹಳೆಯ ಕ್ರಮ ಬೇಕು ಎಂದರು, ನಂಬಿ ಬಂದ ಮೊಮ್ಮಗ ಅದನ್ನು ಬದಲಾಯಿಸಿದ. ಇಬ್ಬರೂ ಅಜ್ಜನ ಹೆಸರಿನಲ್ಲಿಯೇ ವಾದ ಮಾಡಿದರು. ಅಂಗಳದ ಆಚೆಯ ಎಲೆ ಮಾತ್ರ ಅಷ್ಟರಲ್ಲಿ ಒಳಗಿನ ಪಂಕ್ತಿಗೆ ಬಂದಿತ್ತು, ಅದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ.

ಕಾಸರಗೋಡಿನ ಎಡನೀರು ಮಠದ ವಿಷಯವನ್ನೂ ಹೇಳಬೇಕು. ಭೂಸುಧಾರಣೆಯಿಂದ ನಮಗೆ ನೆಲ ಬಂದ ಹಾಗೆ ಮಠದ ನೆಲ ಹೋಗುವುದಿತ್ತು. ಕೇಶವಾನಂದ ಭಾರತೀ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರಲ್ಲಿ ತೀರ್ಪು ಕೊಟ್ಟಿತು. ಮಠದ ಭೂಮಿ ಉಳಿಯಲಿಲ್ಲ, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ಮಾತು ಉಳಿಯಿತು. ಯೌವನದಲ್ಲಿ ಅಪ್ಪನಿಗೆ ಆ ಕೇಸೆಂದರೆ ಧನಿಗಳ ಪರವಾದ ಕೇಸು, ಮುಗಿಯಿತು. ತುರ್ತುಪರಿಸ್ಥಿತಿ ಕಳೆದ ಮೇಲೆ ಅವರ ಮಾತು ನಿಧಾನವಾಗಿ ಬದಲಾಯಿತು. 2020ರ ಸೆಪ್ಟೆಂಬರಿನಲ್ಲಿ ಸ್ವಾಮಿಗಳು ತೀರಿಕೊಂಡಾಗ ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡರು. ಯಕ್ಷಗಾನದ ಭಾಗವತಿಕೆ ಹಾಡುತ್ತಿದ್ದ ಸ್ವಾಮಿಗಳು ಅವರು. ಅಪ್ಪನಿಗೆ ಯಕ್ಷಗಾನ ಎಂದರೆ ಜೀವ, ಅದೂ ಕಾರಣವಿರಬಹುದು.

ಇದು ನಮ್ಮ ಒಂದೇ ಮನೆಯ ಕಥೆ ಎಂದುಕೊಳ್ಳಬೇಡಿ. ಆಚೆಮನೆಯ ಕಾಕ ತಪ್ಪದೆ ಉರೂಸಿಗೆ ಹೋಗುತ್ತಿದ್ದವರು, ಹರಕೆ ಹೇಳಿಕೊಳ್ಳುತ್ತಿದ್ದವರು. ಅವರ ಮಗ ಹನ್ನೆರಡು ವರ್ಷ ಗಲ್ಫಿನಲ್ಲಿದ್ದು, ಕೇರಳದ ಸಲಫಿ ಸುಧಾರಣಾ ಪಂಗಡವಾದ ಮುಜಾಹಿದ್ ಕಡೆಯವನಾಗಿ ಬಂದ. ದರ್ಗಾದಲ್ಲಿ ಬೇಡುವುದು ತಪ್ಪು ಎಂದು ತನ್ನ ಅಪ್ಪನಿಗೇ ಹೇಳಿದ. ನಮ್ಮಪ್ಪ ನಂಬಿಕೆ ಬಿಟ್ಟು ದೂರ ಹೋದರು, ಅವನು ನಂಬಿಕೆ ಬಿಗಿ ಮಾಡಿ ದೂರ ಹೋದ. ಕಾಕ ನಮ್ಮ ಜಗಲಿಗೆ ಬಂದು ಕೂತು ನಮ್ಮಪ್ಪನ ಹತ್ತಿರವೇ ಆ ಬೇಸರ ಹೇಳಿಕೊಂಡದ್ದು ನನಗೆ ಮರೆಯುವುದಿಲ್ಲ. ಅತ್ತ ಮಂಜೇಶ್ವರದ ಉದ್ಯಾವರ ಮಾಡ ದೈವಸ್ಥಾನದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಪಾತ್ರಿಗಳು, ಅಂದರೆ ದೈವ ಮೈಮೇಲೆ ಬರುವವರು, ಉತ್ಸವಕ್ಕೆ ಮೊದಲು ಮಸೀದಿಗೆ ಹೋಗಿ ಜಮಾಅತಿನವರನ್ನು ಕರೆಯುವ ಪದ್ಧತಿ ಈಗಲೂ ನಡೆಯುತ್ತದೆ. ಕರೆಯುವವರ ಮನೆಯಲ್ಲೂ ಕರೆಸಿಕೊಳ್ಳುವವರ ಮನೆಯಲ್ಲೂ ಹೊಸ ವಿಚಾರದ ಮಕ್ಕಳಿದ್ದಾರೆ. ಆದರೂ ನಡೆಯುತ್ತದೆ. ಇದು ನಿಲ್ಲಬಾರದು ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ.

ಓಟಿನ ಲೆಕ್ಕ ನಿಮಗೆ ಗೊತ್ತಿರಬಹುದು. 2016ರಲ್ಲಿ ಮಂಜೇಶ್ವರದಲ್ಲಿ ಮುಸ್ಲಿಂ ಲೀಗ್ ಬಿಜೆಪಿಯನ್ನು ಸೋಲಿಸಿದ್ದು 89 ಓಟಿನಲ್ಲಿ, 2021ರಲ್ಲಿ 745ರಲ್ಲಿ. ಹೊರಗಿನವರು ಇದನ್ನು ಎರಡು ಧರ್ಮಗಳ ಜಗಳ ಎಂದು ಓದಿಬಿಡುತ್ತಾರೆ. 2021ರಲ್ಲಿ ಗೆದ್ದ ಲೀಗಿನ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣ ವಚನ ತೆಗೆದುಕೊಂಡಾಗ ಲೀಗಿಗೆ ಯಾವತ್ತೂ ಓಟು ಹಾಕದ ನನ್ನ ತಮ್ಮ ಟಿವಿಯ ಮುಂದೆ ಎದ್ದು ನಿಂತ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂದಾಗಲೂ ಹಾಗೆಯೇ, ಎಲ್ಲ ಬಾವುಟದವರೂ ಒಟ್ಟಿಗೆ ಬೀದಿಗೆ ಬಂದಿದ್ದರು. ನಾನು ಕನ್ನಡ ಮಾಧ್ಯಮದ ಟೀಚರ್, ಆ ಮೆರವಣಿಗೆಯಲ್ಲಿ ನಾನೂ ಇದ್ದೆ.

ಇನ್ನು ನಾನು. ಪಕ್ಷ ಧರ್ಮಗಳಲ್ಲಿ ನಾನು ಅಪ್ಪನಷ್ಟು, ತಮ್ಮನಷ್ಟು ದೂರ ಹೋದವಳಲ್ಲ. ನನ್ನಲ್ಲಿ ಅಲುಗಾಡಿದ್ದು ಅಜ್ಜ ಕೊಟ್ಟುಹೋದ ನಂಬಿಕೆ. ಗಡಿಯಾಚೆಯ ಕರ್ನಾಟಕವೇ ನಮ್ಮ ಮನೆ, ಇವತ್ತಲ್ಲ ನಾಳೆ ಸೇರುತ್ತೇವೆ ಎಂಬುದನ್ನು ನಾನು ದೇವರ ಹಾಗೆ ನಂಬಿದ್ದೆ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಕರ್ನಾಟಕದವರೇ ಗಡಿ ಮುಚ್ಚಿದರು. ತಲಪಾಡಿಯಲ್ಲಿ ವಾಹನ ತಡೆದರು, ಒಳರಸ್ತೆಗಳಿಗೆ ಅಡ್ಡ ಮಣ್ಣು ಸುರಿದರು. ನಮಗೆ ಜ್ವರ ಬಂದರೂ ಹೆರಿಗೆಯಾದರೂ ಆಸ್ಪತ್ರೆ ಎಂದರೆ ಮಂಗಳೂರು, ನೀವೇ ನೋಡಿದ್ದೀರಿ. ಆ ದಿನಗಳಲ್ಲಿ ಆಂಬುಲೆನ್ಸುಗಳು ಗಡಿಯಿಂದ ಹಿಂದೆ ಬಂದವು, ಚಿಕಿತ್ಸೆ ಸಿಗದೆ ಜನ ಸತ್ತರು. ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಹೋಗುತ್ತಿದ್ದ ನಮ್ಮ ಚಿಕ್ಕಮ್ಮನನ್ನು ಕೊನೆಗೆ ತೆಂಕಿನ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿನ ನರ್ಸ್ ಚಿಕ್ಕಮ್ಮನಿಗೆ ಅರ್ಥವಾಗಲಿ ಎಂದು ತನಗೆ ಬರುವ ನಾಲ್ಕು ಕನ್ನಡ ಶಬ್ದಗಳನ್ನು ಹುಡುಕಿ ಹುಡುಕಿ ಆಡುತ್ತಿದ್ದಳು.

ಆ ರಾತ್ರಿ ನಾನು ಅತ್ತೆ. ಕನ್ನಡದ ಮೇಲಿನ ಪ್ರೀತಿ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ, ಈಗಲೂ ನಮ್ಮ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದರೆ ಮೊದಲು ಅರ್ಜಿ ಬರೆಯುವವಳು ನಾನೇ. ಆದರೆ ವಿಲೀನ ಎಂಬ ಶಬ್ದ ಬಾಯಿಗೆ ಬರುವುದು ನಿಂತಿತು. ಅಜ್ಜನ ಫೋಟೋದ ಎದುರು ದೀಪ ಹಚ್ಚುವಾಗ ಮೊದಲಿನ ಹಾಗೆ ಕಣ್ಣೆತ್ತಿ ನೋಡಲಾಗುತ್ತಿರಲಿಲ್ಲ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಒಳಗೆ ಹೋಗಿ ಅಜ್ಜನ ಹಕ್ಕುಪತ್ರ ಸುತ್ತಿದ್ದ ಆ ಬಟ್ಟೆಯ ಗಂಟು ತಂದು ನನ್ನ ಕೈಗೆ ಕೊಟ್ಟರು. ಏನೂ ಮಾತಾಡಲಿಲ್ಲ.

ನನ್ನ ಮಗ 2024ರಲ್ಲಿ ಮೊದಲ ಓಟು ಹಾಕಿದ. ಅವನು ಕನ್ನಡ ಪತ್ರಿಕೆಯನ್ನೂ ಓದುವುದಿಲ್ಲ, ದೇಶಾಭಿಮಾನಿಯನ್ನೂ ಓದುವುದಿಲ್ಲ, ಎಲ್ಲ ಫೋನಿನಲ್ಲೇ. ಗೆಳೆಯರ ಹತ್ತಿರ ಮಲಯಾಳ, ನನ್ನ ಹತ್ತಿರ ಕನ್ನಡ, ನಮ್ಮಪ್ಪನ ಹತ್ತಿರ ತುಳು. ಬೂತಿನಿಂದ ಬರುವಾಗ ಬೆರಳಿನ ಶಾಯಿ ತೋರಿಸಿದ. ಯಾರಿಗೆ ಹಾಕಿದೆ ಎಂದು ನಾನು ಕೇಳಲಿಲ್ಲ. ಅಪ್ಪನೂ ನನ್ನನ್ನು ಕೇಳಿದವರಲ್ಲ.