ಕಾಸ್ಮೊನಾಟ್ ಯಾರು?

ಪ್ರಶ್ನೆ: ಗಗನಯಾತ್ರಿಗಳಲ್ಲಿ ಕೆಲವರು ‘ಆಸ್ಟ್ರೋನಾಟ್’, ಕೆಲವರು ‘ಕಾಸ್ಮೊನಾಟ್’. ಏನು ವ್ಯತ್ಯಾಸ?

ಉತ್ತರ: ಕೆಲಸದಲ್ಲಿ ಏನೂ ಇಲ್ಲ, ತರಬೇತಿ ಕೊಟ್ಟ ದೇಶದಲ್ಲಿದೆ. ರಷ್ಯಾದಲ್ಲಿ ತರಬೇತಿ ಪಡೆದವರು ‘ಕಾಸ್ಮೊನಾಟ್’; ರಷ್ಯನ್ನರ ಬಾಯಲ್ಲಿ ಅದು ‘ಕಸ್ಮನಾಫ್ತ್’. ಗ್ರೀಕಿನಲ್ಲಿ ‘ಕಾಸ್ಮೋಸ್’ ಅಂದರೆ ವಿಶ್ವ, ‘ನೌತೆಸ್’ ಅಂದರೆ ನಾವಿಕ. ನಮ್ಮ ‘ನೌಕೆ’ಯೂ ಈ ‘ನೌತೆಸ್’ನ ದೂರದ ದಾಯಾದಿ (ಇಂಥ ನಂಟು ಸಿಕ್ಕಿದ ದಿನ ನನಗೆ ಹಬ್ಬ!). ಅಮೆರಿಕದ ಆಸ್ಟ್ರೋನಾಟ್ ‘ನಕ್ಷತ್ರ ನಾವಿಕ’. ನಕ್ಷತ್ರದ ತನಕ ಯಾರೂ ಹೋಗಿಲ್ಲವಲ್ಲ, ಹಾಗಾಗಿ ನನ್ನ ಓಟು ರಷ್ಯನ್ ಪದಕ್ಕೇ. 1961ರಲ್ಲಿ ಮೊದಲ ಗಗನಯಾತ್ರಿ ಗಗಾರಿನ್, 1963ರಲ್ಲಿ ಮೊದಲ ಮಹಿಳಾ ಗಗನಯಾತ್ರಿ ತೆರೆಶ್ಕೋವಾ ಹಾರಿ ಅದನ್ನು ಲೋಕಪ್ರಸಿದ್ಧ ಮಾಡಿದರು. ನಾನು ಮೊದಲು ಕೇಳಿದ್ದು 1984ರಲ್ಲಿ, ರೇಡಿಯೊದಲ್ಲಿ. ಸೋವಿಯತ್ ವ್ಯೋಮನೌಕೆ ಸೋಯುಜ್ ಟಿ-11ರಲ್ಲಿ ಹೋದ ನಮ್ಮ ರಾಕೇಶ್ ಶರ್ಮಾ ಕೂಡ ಕಾಸ್ಮೊನಾಟೇ.