ಅಳತೆ ನೀರಿನಲ್ಲೇ ಆಗಬೇಕು

ಮಾನ್ಯರೇ,

ತಮ್ಮ ಪತ್ರವನ್ನು ಗಮನವಿಟ್ಟು ಓದಿದ್ದೇನೆ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿಯುವ ಸ್ಕೂಬಾ ರಜೆಗೆಂದು ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳಿಗೆ ಹೊರಟಿರುವ ತಾವು, ಹದಿನೈದು ವರ್ಷದ ಮಗನೊಡನೆ ನೀರಿಗಿಳಿದು ರಾತ್ರಿಯ ಊಟಕ್ಕೆ ಬೇಕಾದ ಲಾಬ್‌ಸ್ಟರನ್ನು (ದೊಡ್ಡ ಸೀಗಡಿಯಂತಹ, ಗಟ್ಟಿ ಚಿಪ್ಪಿನ ಕಡಲಜೀವಿ) ಸ್ವತಃ ಹಿಡಿಯಬೇಕೆಂದಿದ್ದೀರಿ. ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ಹಾಕಿಕೊಂಡು ದೋಣಿಗೆ ತಂದು, ಅಲ್ಲಿ ಅಳೆದು, ಚಿಕ್ಕವನ್ನು ಮರಳಿ ಕಡಲಿಗೆ ಬಿಟ್ಟರಾಯಿತು ಎಂದು ಪರಿಚಿತರೊಬ್ಬರು ಹೇಳಿದರೆಂದು ಬರೆದಿದ್ದೀರಿ. ಬೋನುಗಳಲ್ಲಿ ರಾಶಿಗಟ್ಟಲೆ ಹಿಡಿಯುವ ವ್ಯಾಪಾರಿ ದೋಣಿಗಳಿರುವಾಗ ಕೈಯಿಂದ ನಾಲ್ಕು ಹಿಡಿಯುವವರಿಗೆ ಇಷ್ಟೊಂದು ಕಟ್ಟುಪಾಡು ಏಕೆ ಎಂಬುದು ತಮ್ಮ ಎರಡನೆಯ ಪ್ರಶ್ನೆ.

ಮೊದಲನೆಯದನ್ನು ನೇರವಾಗಿ ಹೇಳಿಬಿಡುತ್ತೇನೆ: ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಫ್ಲಾರಿಡಾದ ನಿಯಮದ ಪ್ರಕಾರ ಲಾಬ್‌ಸ್ಟರಿನ ಬೆನ್ನಚಿಪ್ಪು 3 ಅಂಗುಲಕ್ಕಿಂತ ಹೆಚ್ಚು ಉದ್ದವಿರಬೇಕು. ಅಳತೆಪಟ್ಟಿ ಹಿಡಿಯುವವರ ಬಳಿಯೇ ಇರಬೇಕು. ಅಳತೆ ನೀರಿನೊಳಗೇ ಆಗಬೇಕು. ಕಣ್ಣುಗಳ ಮೇಲಿನ ಎರಡು ಕೊಂಬುಗಳ ನಡುವಿನ ಅಂಚಿನಿಂದ ಬೆನ್ನಚಿಪ್ಪಿನ ಹಿಂದಿನ ಅಂಚಿನವರೆಗೆ, ನಟ್ಟನಡುವೆ ಅಳೆಯುವುದು ಕ್ರಮ. ಬಾಲದ ಉದ್ದ ಇದರಲ್ಲಿ ಸೇರುವುದಿಲ್ಲ.

ನೀರಿನಲ್ಲೇ ಏಕೆ ಎಂದು ಕೇಳುವವರಿಗೆ ಆ ಜೀವಿಯ ಬಾಳನ್ನು ಸ್ವಲ್ಪ ಹೇಳಬೇಕಾಗುತ್ತದೆ. ಕೀಸ್‌ನ ಮುಳ್ಳು ಲಾಬ್‌ಸ್ಟರಿಗೆ ಏಡಿಯಂತಹ ಇಕ್ಕಳಗಳಿಲ್ಲ. ಮುಳ್ಳು ತುಂಬಿದ ಎರಡು ಉದ್ದ ಮೀಸೆಗಳೇ ಅದರ ರಕ್ಷಣೆ. ಮೊಟ್ಟೆಯೊಡೆದ ಮರಿ ಎಲೆಯಂತೆ ಚಪ್ಪಟೆಯಾಗಿ, ಗಾಜಿನಂತೆ ಪಾರದರ್ಶಕವಾಗಿ, ತೆರೆದ ಕಡಲಿನಲ್ಲಿ ಹಲವು ತಿಂಗಳು ತೇಲುತ್ತದೆ. ಅಷ್ಟು ಕಾಲದ ಅಲೆದಾಟವನ್ನು ಬದುಕಿ ಉಳಿದದ್ದು ತೀರದ ಪಾಚಿ, ಕಡಲಹುಲ್ಲುಗಳಲ್ಲಿ ನೆಲೆಯೂರಿ, ಮತ್ತೆ ಮತ್ತೆ ಚಿಪ್ಪು ಕಳಚಿ ಬೆಳೆದು, ಸುಮಾರು ಎರಡು ವರ್ಷದ ಮೇಲೆ ಆ 3 ಅಂಗುಲವನ್ನು ದಾಟುತ್ತದೆ. ಹಗಲಿನಲ್ಲಿ ಅದು ಹವಳದ ಚಾಚಿನ ಅಡಿಯಲ್ಲಿ, ಹೆಚ್ಚಾಗಿ ತನ್ನವರ ಗುಂಪಿನಲ್ಲಿ, ಅಡಗಿರುತ್ತದೆ. ಅಂಥದ್ದನ್ನು ಎಳೆದು ದೋಣಿಗೆ ತಂದು, ಬಿಸಿಲಿನಲ್ಲಿ ಅಳೆದು, ಗುಹೆಯಿಂದ ಎಷ್ಟೋ ದೂರದಲ್ಲಿ ನೀರಿಗೆಸೆದರೆ, ಅದು ಹಗಲುಹೊತ್ತಿನಲ್ಲಿ ಆಸರೆಯಿಲ್ಲದೆ ಬೇಟೆಗಾರ ಮೀನುಗಳ ಎದುರು ಇಳಿಯುತ್ತದೆ. ಕಾಲೋ ಮೀಸೆಯೋ ಮುರಿದಿದ್ದರೆ, ಬೆಳೆಯಲು ಬೇಕಾದ ಶಕ್ತಿಯೆಲ್ಲ ಮುರಿದದ್ದನ್ನು ಮತ್ತೆ ಮೂಡಿಸಲು ವ್ಯಯವಾಗುತ್ತದೆ. ಹೀಗಾಗಿ "ಬಿಟ್ಟುಬಿಟ್ಟೆವು" ಎಂಬ ಮಾತಿಗೆ ಅರ್ಥ ಬರುವುದು ಹಿಡಿದ ಜಾಗದಲ್ಲೇ ಬಿಟ್ಟಾಗ ಮಾತ್ರ.

ಹಿಡಿಯುವ ವಿಧಾನವೂ ಇದಕ್ಕೆ ಹೊಂದಿಕೊಂಡೇ ಇದೆ. ಈಟಿ, ಕೊಕ್ಕೆ ಮುಂತಾಗಿ ಚಿಪ್ಪನ್ನು ಚುಚ್ಚುವ ಯಾವುದನ್ನೂ ಬಳಸುವಂತಿಲ್ಲ. ಒಂದು ಉದ್ದ ಕಡ್ಡಿ, ಒಂದು ಕೈಬಲೆ, ದಪ್ಪ ಕೈಗವಸು ಸಾಕು. ಕಡ್ಡಿಯನ್ನು ಲಾಬ್‌ಸ್ಟರಿನ ಹಿಂದಕ್ಕೆ ತೂರಿಸಿ ಬಾಲವನ್ನು ಮೆಲ್ಲಗೆ ತಟ್ಟಿದರೆ ಅದು ಗುಹೆಯಿಂದ ಮುಂದಕ್ಕೆ ನಡೆದು ಬರುತ್ತದೆ. ಆಗ ಬಲೆಯನ್ನು ಅದರ ಬೆನ್ನ ಹಿಂದೆ ಊರಿ, ಕಡ್ಡಿಯಿಂದ ಮುಖದ ಕಡೆ ಮುಟ್ಟಬೇಕು. ಬೆದರಿದ ಲಾಬ್‌ಸ್ಟರ್ ಬಾಲ ಬಡಿದು ಚಿಮ್ಮುವುದು ಹಿಂದಕ್ಕೇ ಆದ್ದರಿಂದ ತಾನಾಗಿ ಬಲೆಯೊಳಗೆ ಬೀಳುತ್ತದೆ. ಮೀಸೆ ಹಿಡಿದು ಎಳೆದರೆ ಮೀಸೆ ಮಾತ್ರ ಕೈಯಲ್ಲುಳಿಯುತ್ತದೆ. ಬಲೆಗೆ ಬಿದ್ದದ್ದನ್ನು ಮಗುಚಿ ಹೊಟ್ಟೆಯ ಕಡೆ ನೋಡಿ; ಬಾಲದಡಿ ಕಿತ್ತಳೆಯೋ ಕಂದೋ ಬಣ್ಣದ ಮೊಟ್ಟೆಗೊಂಚಲಿದ್ದರೆ ಎಷ್ಟೇ ದೊಡ್ಡದಾದರೂ ಬಿಡಲೇಬೇಕು. ಗುಹೆಗೆ ಕೈ ತೂರಿಸುವ ಮುನ್ನ ಒಳಗೆ ದೀಪ ಹಾಯಿಸುವುದನ್ನು ಮರೆಯಬೇಡಿ. ಮೊರೆ ಈಲ್ ಹಾವುಮೀನಿಗೂ ಅದೇ ಗುಹೆ ಪ್ರಿಯ.

ಇನ್ನು ವ್ಯಾಪಾರಿ ದೋಣಿಗಳ ಮಾತು. ತಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಅವರಿಗೂ ಅದೇ 3 ಅಂಗುಲದ ಅಳತೆ ಇದೆ, ಬೋನುಗಳ ಸಂಖ್ಯೆಗೂ ಮಿತಿಯಿದೆ. ಆಗಸ್ಟ್ 6ರಿಂದ ಮಾರ್ಚ್ 31ರವರೆಗಿನ ಋತು ಇಬ್ಬರಿಗೂ ಒಂದೇ. ಅದಕ್ಕೂ ಮೊದಲು, ಬೋನುಗಳು ನೀರಿಗೆ ಬೀಳುವ ಮುನ್ನ, ಜುಲೈ ಕೊನೆಯಲ್ಲಿ ಒಂದರ ಹಿಂದೊಂದು ಬರುವ ಬುಧವಾರ ಮತ್ತು ಗುರುವಾರವನ್ನು ಹವ್ಯಾಸಿಗಳಿಗೆಂದೇ ಮೀಸಲಿಟ್ಟಿದ್ದಾರೆ. ಆ ಎರಡೇ ದಿನಗಳಲ್ಲಿ ಹವಳದ ದಿಬ್ಬಗಳ ಲಾಬ್‌ಸ್ಟರ್ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಕುಸಿಯುತ್ತದೆಂದು ಅಧ್ಯಯನಗಳು ತೋರಿಸಿವೆ. ನಾಲ್ಕು ಹಿಡಿಯುವ ಕೈಗಳು ಸಾವಿರಾರು ಆದಾಗ ಅವೂ ಬೋನುಗಳೇ.

ಆ ಎರಡು ದಿನ ತಾವು ಹೋಗದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ದೋಣಿಗಳ ನೂಕುನುಗ್ಗಲು ವಿಪರೀತ. ಗುಹೆಯೊಳಗಿನ ಲಾಬ್‌ಸ್ಟರಿನ ಮೇಲೆ ಕಣ್ಣು ನೆಟ್ಟವರು ಸಿಲಿಂಡರಿನ ಗಾಳಿ ಎಷ್ಟಿದೆ, ಜೊತೆಗಾರ ಎಲ್ಲಿದ್ದಾನೆ ಎಂಬುದನ್ನು ಮರೆತು ಪ್ರಾಣ ಕಳೆದುಕೊಂಡ ಉದಾಹರಣೆಗಳಿವೆ. ಯಾವ ದಿನ ಇಳಿದರೂ, ನೀರಿನಡಿ ಜನರಿದ್ದಾರೆಂದು ಸೂಚಿಸುವ, ಕೆಂಪು ನೆಲದ ಮೇಲೆ ಬಿಳಿ ಓರೆಪಟ್ಟಿಯ ಬಾವುಟ ನೀರಿನ ಮೇಲೆ ಕಾಣುತ್ತಿರಬೇಕು. ತೆರೆದ ನೀರಿನಲ್ಲಿ ಅದರಿಂದ 300 ಅಡಿಯೊಳಗೇ ಇರಬೇಕು. ಕೀಸ್‌ನಲ್ಲಿ ಒಬ್ಬರಿಗೆ ದಿನಕ್ಕೆ 6 ಲಾಬ್‌ಸ್ಟರ್ ಮಾತ್ರ. ಬಾಲವನ್ನು ಕಡಲಿನ ಮೇಲೆ ಬೇರ್ಪಡಿಸುವಂತಿಲ್ಲ, ಇಡಿಯಾಗಿಯೇ ದಡಕ್ಕೆ ತರಬೇಕು. ಹಿಡಿಯಲು ಪೂರ್ತಿ ನಿಷೇಧವಿರುವ ವಲಯಗಳೂ ಅಲ್ಲಿವೆ. ಹೊರಡುವ ಮುನ್ನ ಫ್ಲಾರಿಡಾದ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಆಯೋಗ ಪ್ರಕಟಿಸಿರುವ ಆ ವರ್ಷದ ನಿಯಮಗಳನ್ನು ಒಮ್ಮೆ ಓದಿಕೊಳ್ಳಿ.

ತಮಗೆ ಸಮುದ್ರ ಮೀನುಗಾರಿಕೆಯ ಪರವಾನಗಿಯೂ ಅದರ ಜೊತೆ ಲಾಬ್‌ಸ್ಟರಿನ ಪ್ರತ್ಯೇಕ ಅನುಮತಿಯೂ ಬೇಕು. ಹದಿನಾರು ತುಂಬದ ಮಗನಿಗೆ ಅವೆರಡೂ ಬೇಡ, ಆದರೆ ಅಳತೆ ಮತ್ತು ಮಿತಿ ಅವನಿಗೂ ಅನ್ವಯಿಸುತ್ತವೆ. ಅವನಿಗೆಂದು ಬೇರೆಯೇ ಒಂದು ಅಳತೆಪಟ್ಟಿ ಕೊಂಡು ಕೈಗೆ ಕಟ್ಟಿಕೊಡಿ. ಮೊದಲ ಲಾಬ್‌ಸ್ಟರನ್ನು ತಾವು ಹಿಡಿದರೂ ಅಳೆಯುವುದು ಅವನ ಕೆಲಸವಾಗಲಿ. ಕೂದಲೆಳೆಯಷ್ಟು ಕಡಿಮೆ ಬಿದ್ದು, ಅದು ಅವನ ಕೈಯಿಂದ ಚಿಮ್ಮಿ ಹಳೆಯ ಗುಹೆಯನ್ನೇ ಹೊಕ್ಕಾಗ ಹೇಗಿತ್ತೆಂದು ಅವನೇ ನಮಗೆ ಬರೆಯಲಿ. ಆ ಪತ್ರವನ್ನು ಸಂತೋಷದಿಂದ ಪ್ರಕಟಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕ